ಊಟದ ಮದ್ಯಕ್ಕೆ ಪಂದ್ಯದ ಗೊಡವೆ ಏಕೆ?

ಸೂತ್ರಗಳನ್ನು ಕಂಠಪಾಠ ಮಾಡಿದವನಿಗೆ ಊಟದ ರುಚಿಯೂ ತಿಳಿದಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಪಾಶ್ಚಾತ್ಯರ ಮದ್ಯಶಾಸ್ತ್ರದಲ್ಲಿ ಬಹಳ ಹೆಸರಾದ ಸೂತ್ರವೊಂದಿದೆ: ಮೀನಿಗೆ ಬಿಳಿಯ ದ್ರಾಕ್ಷಾಮದ್ಯ, ಮಾಂಸಕ್ಕೆ ಕೆಂಪು. ಅದಕ್ಕೊಂದು ಉಪಸೂತ್ರ: ಕೆಲವು ತರಕಾರಿಗಳು ಮದ್ಯದ ಶತ್ರುಗಳು, ಅವನ್ನು ಬಡಿಸಿದಾಗ ಬಟ್ಟಲನ್ನು ಕೆಳಗಿಡತಕ್ಕದ್ದು. ಇವೆರಡರ ಮೇಲೆ ಬಾಯಿಬಿಟ್ಟು ಯಾರೂ ಹೇಳದ, ಆದರೆ ಎಲ್ಲರೂ ನಡೆಸಿಕೊಂಡು ಬರುವ ಒಂದು ಮಹಾಸೂತ್ರ: ಊಟದೊಡನೆ ಚೆನ್ನಾಗಿ ಹೊಂದುವ ಮದ್ಯ ಒಳ್ಳೆಯದೇನೋ ಹೌದು, ಆದರೆ ಶ್ರೇಷ್ಠವಲ್ಲ, ಶ್ರೇಷ್ಠವಾದುದನ್ನು ಊಟ ಬಿಟ್ಟು, ಮಾತು ಬಿಟ್ಟು, ಕಣ್ಣು ಮುಚ್ಚಿ ಸವಿಯಬೇಕು. ಈ ಮೂರನ್ನೂ ಸುಳ್ಳು ಮಾಡುವ ಬಿಳಿಯ ಮದ್ಯವೊಂದು ಆಸ್ಟ್ರಿಯ ದೇಶದಲ್ಲಿದೆ. ಅದರ ಹೆಸರು ಗ್ರ್ಯೂನರ್ ಫೆಲ್ಟ್‌ಲೀನರ್. ಅದರ ಪರವಾಗಿಯೂ, ಅದನ್ನು ಹೊಗಳುವ ನೆಪದಲ್ಲಿ ಅದರ ಗುಣಕ್ಕೇ ಕುಂದು ತರುತ್ತಿರುವವರ ವಿರುದ್ಧವಾಗಿಯೂ ಈ ಕೆಲವು ಮಾತು.

ಮದ್ಯವನ್ನು ಮುಟ್ಟದ ವಾಚಕರು ಇಲ್ಲಿಗೇ ಪುಟ ತಿರುವಬೇಕಾಗಿಲ್ಲ. ಕುಡಿಯಿರಿ ಎಂದು ಯಾರಿಗೂ ಉಪದೇಶ ಮಾಡುವ ಉದ್ದೇಶ ನನಗಿಲ್ಲ. ವಾದವಿರುವುದು ಅಳತೆಗೋಲಿನ ಬಗ್ಗೆ. ಒಂದು ವಸ್ತುವನ್ನು ಅದು ಯಾವ ಕೆಲಸಕ್ಕಾಗಿ ಬೆಳೆದುಬಂದಿತೋ ಆ ಕೆಲಸದಲ್ಲಿಟ್ಟು ಅಳೆಯಬೇಕೋ, ಅಥವಾ ಮತ್ತೊಬ್ಬರ ಅಂಗಳಕ್ಕೆ ಒಯ್ದು ಅವರ ಕೋಲಿನಿಂದಲೇ ಅಳೆಯಬೇಕೋ ಎಂಬುದು ಪ್ರಶ್ನೆ. ನಮ್ಮ ಸಾಹಿತ್ಯವಿಮರ್ಶೆಯನ್ನು ಓದುತ್ತ ಬಂದವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಮೊದಲು ವಸ್ತುವಿನ ಪರಿಚಯವಾಗಲಿ. ಜರ್ಮನ್ ಭಾಷೆಯಲ್ಲಿ ‘ಗ್ರ್ಯೂನ್’ ಎಂದರೆ ಹಸಿರು. ‘ಫೆಲ್ಟ್‌ಲೀನರ್’ ಎಂದರೆ ಫೆಲ್ಟ್‌ಲೀನ್ ಕಣಿವೆಯದು. ಇಟಲಿಯವರು ವಾಲ್ಟೆಲ್ಲಿನಾ ಎಂದು ಕರೆಯುವ ಆಲ್ಪ್ಸ್ ಸೀಮೆಯ ಕಣಿವೆ ಅದು. ಸ್ವಾರಸ್ಯವೆಂದರೆ, ಈ ದ್ರಾಕ್ಷಿಗೂ ಆ ಕಣಿವೆಗೂ ನಂಟಿದೆಯೆಂದು ಯಾರೂ ತೋರಿಸಿಕೊಟ್ಟಿಲ್ಲ. ಹೆಸರಿನಿಂದ ಊರನ್ನು ಊಹಿಸಿದರೆ ಹೀಗೆಯೇ ಆಗುವುದು. ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದ ಸಂಗತಿ ಬೇರೆ. ಹೆತ್ತವರಲ್ಲಿ ಒಂದು ಟ್ರಾಮಿನರ್ ಎಂಬ ಹಳೆಯ ದ್ರಾಕ್ಷಿ. ಇನ್ನೊಂದು, ಬುರ್ಗೆನ್‌ಲಾಂಡ್ ಪ್ರಾಂತದ ಸಾಂಕ್ಟ್ ಗೆಯೋರ್ಗೆನ್ ಎಂಬ ಹಳ್ಳಿಯಲ್ಲಿ ೨೦೦೦ದಲ್ಲಿ ಪತ್ತೆಯಾದ, ಯಾರ ಆರೈಕೆಯೂ ಇಲ್ಲದೆ ಉಳಿದುಕೊಂಡಿದ್ದ ಒಂದು ಮುದಿ ಬಳ್ಳಿ. ೨೦೧೧ರಲ್ಲಿ ಯಾರೋ ಕಿಡಿಗೇಡಿಗಳು ಅದನ್ನು ಕಡಿದುಹಾಕಿದರು. ಬಳ್ಳಿ ಸಾಯಲಿಲ್ಲ. ಇಡೀ ದೇಶದ ದ್ರಾಕ್ಷಿತೋಟಗಳಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಆವರಿಸಿರುವ ಸಂತತಿಯ ತಾಯಿಬಳ್ಳಿ ಇಷ್ಟು ಅನಾಥವಾಗಿದ್ದಿತು!

ಈ ದ್ರಾಕ್ಷಿಯ ನೆಲೆ ಮುಖ್ಯವಾಗಿ ಡಾನ್ಯೂಬ್ ನದಿಯ ಆಸುಪಾಸು: ವಾಖಾವ್, ಕ್ರೆಮ್ಸ್‌ಟಾಲ್, ಕಾಂಪ್‌ಟಾಲ್, ಇನ್ನೂ ಉತ್ತರಕ್ಕೆ ಹೋದರೆ ಜೆಕ್ ಗಡಿಯವರೆಗೆ ಹರಡಿದ ವೈನ್‌ಫಿಯರ್ಟೆಲ್. ಕಡಿದಾದ ಬಂಡೆಗಳ ಮೇಲಣ ತೆಳು ಮಣ್ಣನ್ನು ಅಲ್ಲಿನ ರೈತರು ಹೆಚ್ಚಾಗಿ ರೀಸ್ಲಿಂಗ್ ದ್ರಾಕ್ಷಿಗೆ ಬಿಟ್ಟುಕೊಡುವರು. ಫೆಲ್ಟ್‌ಲೀನರ್‌ಗೆ ಬೇಕಾದ್ದು ಆಳವಾದ ಲೋಯೆಸ್ ಮಣ್ಣು. ಹಿಮಯುಗದ ಗಾಳಿ ಹೊತ್ತು ತಂದು ಸುರಿದ, ನೀರನ್ನು ಹಿಡಿದಿಡಬಲ್ಲ ನಯವಾದ ಹಳದಿ ಮಣ್ಣು ಅದು. ಎರಡನೆಯ ಮಹಾಯುದ್ಧದ ತರುವಾಯ ಕ್ರೆಮ್ಸ್ ಬಳಿಯ ಲೆನ್ಜ್ ಮೋಸರ್ ಎಂಬ ದ್ರಾಕ್ಷಿ ಬೆಳೆಗಾರ, ಬಳ್ಳಿಗಳನ್ನು ಎತ್ತರಕ್ಕೆ ಹಬ್ಬಿಸಿ ಸಾಲುಗಳ ನಡುವೆ ಟ್ರ್ಯಾಕ್ಟರು ಓಡಾಡುವಷ್ಟು ಜಾಗ ಬಿಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದ. ಆ ಪದ್ಧತಿಗೆ ಫೆಲ್ಟ್‌ಲೀನರ್ ಚೆನ್ನಾಗಿ ಒಗ್ಗಿತು, ಎಲ್ಲೆಲ್ಲೂ ಹಬ್ಬಿತು. ಹಬ್ಬಿದ್ದೇ ಅದರ ಅಪರಾಧವಾಯಿತು. ಮನೆಮನೆಯಲ್ಲೂ ಸಿಗುವ ವಸ್ತುವನ್ನು ದೊಡ್ಡದೆಂದು ಒಪ್ಪಿಕೊಳ್ಳಲು ದೊಡ್ಡವರಿಗೆ ಯಾವಾಗಲೂ ಕಷ್ಟ.

ರುಚಿಯೇನು? ಹಸಿರು ಸೇಬು, ನಿಂಬೆಯ ಸಿಪ್ಪೆ, ಹಸಿ ಬಟಾಣಿಯ ಅಥವಾ ಮೂಲಂಗಿ ಸೊಪ್ಪಿನ ಒಂದು ಎಳಸು ವಾಸನೆ, ಗುಟುಕಿನ ತುದಿಯಲ್ಲಿ ಮೆಣಸಿನ ಸಣ್ಣ ಚುರುಕು. ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗಿಹೋಗಿರುವುದರಿಂದ ಸಿಹಿ ಇಲ್ಲವೆನ್ನುವಷ್ಟು ಕಡಮೆ. ಇಂಗ್ಲಿಷಿನವರು ಇಂಥದನ್ನು ‘ಕ್ರಿಸ್ಪ್’ ಎನ್ನುವರು. ಹಪ್ಪಳಕ್ಕೆ ಹೇಳುವ ಮಾತನ್ನು ಪಾನೀಯಕ್ಕೆ ಹೇಳಿದರೆ ನಮಗೆ ನಗು ಬಂದೀತು. ನಾವು ಚುರುಕು ಹುಳಿ ಎಂದರೆ ಸಾಕು. ಈ ಹುಳಿಯೇ ಅದರ ಬೆನ್ನೆಲುಬು. ಮದ್ಯದ ಕೈಪಿಡಿಗಳಲ್ಲಿ ಹುಳಿಯೆಂಬ ಮಾತನ್ನು ನೇರವಾಗಿ ಆಡಲು ಏನೋ ಸಂಕೋಚ. ತಾಜಾತನವೆಂದೂ ಲವಲವಿಕೆಯೆಂದೂ ಬಳಸಿ ಬಳಸಿ ಬರೆಯುವರು. ಹುಳಿಯೆಂಬ ಹೆಸರಿನ ಅಡುಗೆಯನ್ನೇ ದಿನವೂ ಕಲಸಿ ಉಣ್ಣುವ ಕನ್ನಡಿಗನಿಗೆ ಈ ಸಂಕೋಚ ಅರ್ಥವಾಗುವುದು ಕಷ್ಟ. ಬಾಯಲ್ಲಿ ನೀರೂರಿಸುವುದೂ ಜಿಡ್ಡನ್ನು ಕಡಿಯುವುದೂ ಮುಂದಿನ ತುತ್ತಿಗೆ ನಾಲಗೆಯನ್ನು ಅಣಿಗೊಳಿಸುವುದೂ ಹುಳಿಯ ಕೆಲಸವೆಂದು ನಮ್ಮ ಅಜ್ಜಿಯರಿಗೆ ಯಾವ ಕೈಪಿಡಿಯನ್ನೂ ಓದದೆ ಗೊತ್ತಿತ್ತು.

ಇನ್ನು ಊಟದ ಮೇಜಿಗೆ ಬರೋಣ. ವಿಯೆನ್ನಾದ ಅತ್ಯಂತ ಪ್ರಸಿದ್ಧ ಭಕ್ಷ್ಯಗಳಲ್ಲಿ ಒಂದು ಟಾಫೆಲ್‌ಷ್ಪಿಟ್ಸ್. ಗೋಮಾಂಸದ ಒಂದು ಆಯ್ದ ಭಾಗವನ್ನು ಬೇರುತರಕಾರಿಗಳೊಡನೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೊದಲು ಅದರ ಕಟ್ಟನ್ನು ಬಡಿಸಿ, ಆಮೇಲೆ ಹೋಳುಗಳನ್ನು ಬಡಿಸುವುದು ಪದ್ಧತಿ. ಚಕ್ರವರ್ತಿ ಫ್ರಾನ್ಜ್ ಯೋಸೆಫನಿಗೆ ಬೇಯಿಸಿದ ಗೋಮಾಂಸ ಬಲು ಮೆಚ್ಚೆಂಬ ಪ್ರತೀತಿಯಿದೆ. ಸೂತ್ರದ ಪ್ರಕಾರ ಇದಕ್ಕೆ ಕೆಂಪು ಮದ್ಯ ಬರಬೇಕು. ಬರಲಿ, ನೋಡೋಣ. ಹೋಳುಗಳ ಪಕ್ಕದಲ್ಲಿ ಏನಿದೆ? ತುರಿದ ಸೇಬಿಗೆ ಕ್ರೇನ್ ಎಂಬ ಬೇರಿನ ತುರಿ ಬೆರೆಸಿದ ಚಟ್ನಿ. ಆ ಬೇರು ಸಾಸುವೆಯ ಬಳಗದ್ದು, ಮೂಗಿನ ನೆತ್ತಿಗೆ ಏರುವಂಥದು. ಇನ್ನೊಂದು ಬಟ್ಟಲಲ್ಲಿ ಈರುಳ್ಳಿ ಜಾತಿಯ ಹಸಿರೆಲೆಗಳನ್ನು ಹೆಚ್ಚಿ ಹಾಕಿದ ತಣ್ಣನೆಯ ಗೊಜ್ಜು. ಮಾಂಸವಾದರೋ ಸುಟ್ಟದ್ದಲ್ಲ, ಹುರಿದದ್ದಲ್ಲ; ಮೆತ್ತಗೆ ಬೆಂದದ್ದು. ಈ ಎಲೆಯ ಮೇಲೆ ಒಗರು ತುಂಬಿದ ಕೆಂಪು ಮದ್ಯವನ್ನು ಸುರಿದರೆ ಕ್ರೇನಿನ ಖಾರಕ್ಕೂ ಅದರ ಒಗರಿಗೂ ಜಗಳ ಹತ್ತುತ್ತದೆ, ಮಾಂಸ ಮೂಕವಾಗುತ್ತದೆ. ಫೆಲ್ಟ್‌ಲೀನರ್ ಆದರೆ ಸೇಬಿಗೆ ಸೇಬು, ಖಾರಕ್ಕೆ ಮೆಣಸು, ಕೊಬ್ಬಿಗೆ ಹುಳಿ. ಸೂತ್ರಕಾರರು ನೋಡಿದ್ದು ‘ಮಾಂಸ’ ಎಂಬ ಶಬ್ದವನ್ನು ಮಾತ್ರ. ಅದು ಹೇಗೆ ಬೆಂದಿದೆ, ಯಾತರೊಡನೆ ಬಂದಿದೆ ಎಂಬುದನ್ನಲ್ಲ. ವ್ಯಾಕರಣ ಓದಿ ಕವಿತೆಗೆ ಅರ್ಥ ಹೇಳಹೊರಟವರ ಪಾಡು ಇದು.

ಷ್ನಿಟ್ಸೆಲ್‌ನ ಕಥೆಯೂ ಹೀಗೆಯೇ. ಎಳೆಗರುವಿನ ಮಾಂಸವನ್ನು ತೆಳ್ಳಗೆ ಬಡಿದು, ಹಿಟ್ಟು, ಮೊಟ್ಟೆ, ರೊಟ್ಟಿಪುಡಿಗಳಲ್ಲಿ ಹೊರಳಿಸಿ, ಕಾಯಿಸಿ ತಿಳಿ ಮಾಡಿದ ಬೆಣ್ಣೆಯಲ್ಲಿ, ಅಂದರೆ ಬಹುಮಟ್ಟಿಗೆ ನಮ್ಮ ತುಪ್ಪದಲ್ಲಿ, ಇಲ್ಲವೆ ಹಂದಿಯ ಕೊಬ್ಬಿನಲ್ಲಿ ಕರಿಯುವರು. ತಟ್ಟೆಯ ಅಂಚಿನಲ್ಲಿ ಒಂದು ನಿಂಬೆಯ ಹೋಳು ತಪ್ಪದೆ ಇರುತ್ತದೆ. ಆ ನಿಂಬೆಹೋಳೇ ಎಲ್ಲ ಶಾಸ್ತ್ರಗಳಿಗೂ ಉತ್ತರ. ಕರಿದ ತಿಂಡಿಗೆ ಹುಳಿ ಬೇಕು, ಅಷ್ಟೆ. ನಿಂಬೆ ಮಾಡುವ ಕೆಲಸವನ್ನೇ ಬಟ್ಟಲಿನೊಳಗಿಂದ ಮುಂದುವರಿಸುವ ಮದ್ಯ ಪಕ್ಕದಲ್ಲಿರುವಾಗ, ಪ್ರಾಣಿ ಯಾವುದು, ಅದರ ಮಾಂಸದ ಬಣ್ಣ ಯಾವುದು ಎಂದು ವಿಚಾರಿಸುತ್ತ ಕೂರುವವನ ಷ್ನಿಟ್ಸೆಲ್ ಆರಿಹೋಗುತ್ತದೆ.

ನ್ಯಾಯವಾಗಿ ಹೇಳಬೇಕಾದರೆ ಸೂತ್ರದ ಅರ್ಧಭಾಗಕ್ಕೆ ಆಧಾರವುಂಟು. ಮೀನಿನೊಡನೆ ಕೆಂಪು ಮದ್ಯ ಕುಡಿದಾಗ ಬಾಯಲ್ಲಿ ಉಳಿಯುವ ಕೆಟ್ಟ ವಾಸನೆಗೆ ಮದ್ಯದಲ್ಲಿರುವ ಕಬ್ಬಿಣದ ಅಂಶವೇ ಕಾರಣವೆಂದು ಜಪಾನಿನ ಸಂಶೋಧಕರು ೨೦೦೯ರಲ್ಲಿ ತೋರಿಸಿದರು. ಆದರೆ ಅವರು ಅಳೆದದ್ದು ಕಬ್ಬಿಣವನ್ನು, ಬಣ್ಣವನ್ನಲ್ಲ. ಕಬ್ಬಿಣ ಕಡಮೆಯಿರುವ ಕೆಂಪು ಮದ್ಯಕ್ಕೆ ಆ ದೋಷ ಅಷ್ಟಾಗಿ ತಗಲುವುದಿಲ್ಲ. ಮೀನಿನ ಮಾತು ಅಲ್ಲಿಗೆ ಸಾಕು.

ನನಗೆ ನಿಜವಾಗಿ ಸಿಟ್ಟು ಬರುವುದು ತರಕಾರಿಗಳನ್ನು ಶತ್ರುಗಳೆಂದು ಕರೆಯುವ ಉಪಸೂತ್ರದ ಮೇಲೆ. ಆಸ್ಪರಾಗಸ್ ಎಂಬ ಚಿಗುರುದಂಟನ್ನು, ಅದು ನಮ್ಮ ಶತಾವರಿಯ ಕುಲದ್ದು, ಮದ್ಯದ ಮೊದಲನೆಯ ವೈರಿಯೆಂದು ಎಷ್ಟೋ ಪುಸ್ತಕಗಳಲ್ಲಿ ಓದಬಹುದು. ಬೆಂದಾಗ ಅದರಿಂದ ಗಂಧಕ ಸೇರಿದ ಕೆಲವು ವಾಸನಾದ್ರವ್ಯಗಳು ಹೊರಡುವುದು ನಿಜ. ಒಗರಿನ ಕೆಂಪು ಮದ್ಯ, ಓಕ್ ಮರದ ಪೀಪಾಯಿಯ ವಾಸನೆ ಹಿಡಿದ ಬಿಳಿಯ ಮದ್ಯ, ಇವುಗಳೊಡನೆ ಅದು ಲೋಹ ನೆಕ್ಕಿದಂಥ ಕಹಿಯಾಗುವುದೂ ನಿಜ. ಅಲ್ಲಿಗೆ ತಪ್ಪು ಯಾರದು? ದಂಟಿನದೆ? ಮನೆಗೆ ಬಂದ ಅತಿಥಿ ಇಬ್ಬರೊಡನೆ ಜಗಳವಾಡಿದರೆ ಅವನು ಜಗಳಗಂಟಿಯಾಗಿರಬಹುದು. ಆ ಇಬ್ಬರೇ ಊರಿನ ಗೌಡರೆಂದು ಮೊದಲೇ ತೀರ್ಮಾನಿಸಿದ್ದರೆ ಮಾತ್ರ ಇಡೀ ಊರಿಗೇ ಅವನು ಶತ್ರುವಾಗುತ್ತಾನೆ. ‘ಮದ್ಯದ ಶತ್ರು’ ಎಂಬಲ್ಲಿ ‘ಮದ್ಯ’ವೆಂದರೆ ಬೋರ್ಡೋ, ಬರ್ಗಂಡಿ. ಉಳಿದವಕ್ಕೆ ಆ ಹೆಸರಿನ ಹಕ್ಕಿಲ್ಲವೆಂಬುದು ಈ ನುಡಿಗಟ್ಟಿನ ಒಳಗೆ ಅಡಗಿಕೊಂಡಿರುವ ಅಹಂಕಾರ.

ವಿಯೆನ್ನಾದ ಪೂರ್ವಕ್ಕೆ ಮಾರ್ಖ್‌ಫೆಲ್ಡ್ ಎಂಬ ಬಯಲುಸೀಮೆಯಿದೆ. ಅಲ್ಲಿನ ಆಸ್ಪರಾಗಸ್ ಎಷ್ಟು ಹೆಸರಾದುದೆಂದರೆ ಆ ಸ್ಥಳನಾಮಕ್ಕೆ ಯುರೋಪಿನ ಕಾನೂನಿನ ರಕ್ಷಣೆಯೂ ಉಂಟು. ಏಪ್ರಿಲಿನಿಂದ ಜೂನ್‌ವರೆಗೆ ಮಣ್ಣಿನ ಏರಿಯೊಳಗಿಂದ ಬಿಳಿಯ ದಂಟುಗಳನ್ನು ಕಿತ್ತು, ಸುಲಿದು, ಬೇಯಿಸಿ, ಕರಗಿದ ಬೆಣ್ಣೆಯನ್ನೂ ಹುರಿದ ರೊಟ್ಟಿಪುಡಿಯನ್ನೂ ಮೇಲೆ ಸುರಿದುಕೊಂಡು ಜನ ತಿನ್ನುವರು. ಪಕ್ಕದಲ್ಲೇ ವೈನ್‌ಫಿಯರ್ಟೆಲ್‌ನ ದ್ರಾಕ್ಷಿತೋಟಗಳಿವೆ. ಒಂದು ಸೀಮೆಯ ದಂಟೂ ಮದ್ಯವೂ ಪರಸ್ಪರ ಶತ್ರುಗಳೆಂದು ಯಾವನೋ ಬರೆದದ್ದು ಆ ರೈತರಿಗೆ ಗೊತ್ತಿರಲಿಲ್ಲ. ಅವರು ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರು. ಫೆಲ್ಟ್‌ಲೀನರ್‌ನಲ್ಲಿ ಒಗರು ಇಲ್ಲವೆನ್ನುವಷ್ಟು ಕಡಮೆ, ಮರದ ವಾಸನೆಯಿಲ್ಲ, ಅದರ ಸ್ವಭಾವದಲ್ಲೇ ಒಂದು ಸೊಪ್ಪಿನ ಗುಣವಿದೆ. ದಂಟಿಗೆ ಜಗಳಕ್ಕೆ ಆಸ್ಪದವೇ ಸಿಕ್ಕುವುದಿಲ್ಲ.

ಇನ್ನೊಂದು ವೈರಿ ಆರ್ಟಿಚೋಕ್ ಎಂಬ ಮುಳ್ಳುಮೊಗ್ಗು. ಅದನ್ನು ತಿಂದಮೇಲೆ ಬರಿಯ ನೀರು ಕೂಡ ಸಿಹಿಯೆನಿಸುತ್ತದೆಂಬುದನ್ನು ೧೯೭೨ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಇದು ವಿಚಿತ್ರವೆನಿಸದು. ನಾಲಗೆಗೆ ಎಲ್ಲವೂ ಸಿಹಿಯಾಗಿ ತೋರುವಾಗ ಮೊದಲೇ ಮೆತ್ತಗಿರುವ ಮದ್ಯ ಸಪ್ಪೆ ಪಾನಕವಾಗುತ್ತದೆ. ಹುಳಿಯ ಬಲವುಳ್ಳದ್ದು ಸ್ವಲ್ಪ ಸಿಹಿಯಾದರೂ ತನ್ನ ಕಾಲಮೇಲೆ ನಿಂತಿರುತ್ತದೆ. ಸಸ್ಯಾಹಾರಿಗಳಾದ ವಾಚಕರು ಗಮನಿಸಬೇಕು. ತರಕಾರಿಗೆ ಮದ್ಯ ಒಗ್ಗದೆಂಬ ಮಾತಿನ ಬುಡದಲ್ಲಿರುವುದು, ತರಕಾರಿಯೆಂದರೆ ಮಾಂಸದ ಪಕ್ಕದಲ್ಲಿ ಬೀಳುವ ಅಲಂಕಾರವೆಂಬ ಭಾವನೆ.

ಈ ಮದ್ಯದ ಹುಟ್ಟುಗುಣವನ್ನು ಕಾಣಬೇಕಾದರೆ ಹೊಯ್ರಿಗರ್‌ಗೆ ಹೋಗಬೇಕು. ‘ಈ ವರ್ಷದ್ದು’ ಎಂದು ಆ ಶಬ್ದದ ಅರ್ಥ. ಹೊಸ ಮದ್ಯಕ್ಕೂ ಅದನ್ನು ಮಾರುವ ರೈತನ ಮನೆಯಂಗಡಿಗೂ ಒಂದೇ ಹೆಸರು. ೧೭೮೪ರಲ್ಲಿ ಎರಡನೆಯ ಯೋಸೆಫ್ ಚಕ್ರವರ್ತಿ ಹೊರಡಿಸಿದ ಆಜ್ಞೆಯಿಂದ, ತಾನು ಬೆಳೆದು ಮಾಡಿದ ಮದ್ಯವನ್ನು ತನ್ನ ಮನೆಯಲ್ಲೇ ಮಾರುವ ಹಕ್ಕು ರೈತನಿಗೆ ಸಿಕ್ಕಿತು. ಬಾಗಿಲ ಮೇಲೆ ಹಸಿರು ಕೊಂಬೆ ತೂಗುಹಾಕಿದ್ದರೆ ಅಂಗಡಿ ತೆರೆದಿದೆಯೆಂದು ಅರ್ಥ. ಕಾಲು ಲೀಟರು, ಇಲ್ಲವೆ ಲೀಟರಿನ ಎಂಟನೆಯ ಒಂದು ಪಾಲು, ಹೀಗೆ ಅಳತೆ. ಬೇಕಾದವರು ಸೋಡಾ ಬೆರೆಸಿಕೊಳ್ಳುವರು. ಯಾರೂ ಹುಬ್ಬು ಹಾರಿಸುವುದಿಲ್ಲ. ತಿನ್ನಲು ಕಪ್ಪು ರೊಟ್ಟಿ, ಹಂದಿಕೊಬ್ಬು ಸವರಿದ ಚೂರುಗಳು, ತಣ್ಣನೆಯ ಮಾಂಸ, ಲಿಪ್ಟಾವರ್. ಈ ಕೊನೆಯದು ಹಸಿ ಗಿಣ್ಣಿಗೆ ಕೆಂಪು ಮೆಣಸಿನ ಪುಡಿ, ಈರುಳ್ಳಿ, ಶಾಜೀರಿಗೆಯಂಥ ಕಾಳು ಸೇರಿಸಿ ಕಲಸಿದ್ದು. ಉಪ್ಪು, ಖಾರ, ಹಾಲಿನ ಹುಳಿ, ಜಿಡ್ಡು ನಾಲ್ಕೂ ಒಂದೇ ತುತ್ತಿನಲ್ಲಿ. ಇಂಥ ತುತ್ತಿನ ಮುಂದೆ ಎಷ್ಟು ಬೆಲೆಬಾಳುವ ಮದ್ಯವಾದರೂ ತಬ್ಬಿಬ್ಬಾಗುವುದು. ಹೊಸ ಫೆಲ್ಟ್‌ಲೀನರ್ ನಗುತ್ತ ಮುಂದಿನ ತುತ್ತಿಗೆ ದಾರಿ ಬಿಡುತ್ತದೆ.

ಮೆಣಸಿನ ಮಾತು ಬಂತು. ಫೆಲ್ಟ್‌ಲೀನರ್‌ನಲ್ಲಿ ಮೆಣಸಿನ ವಾಸನೆಯಿದೆಯೆಂದು ಆಸ್ಟ್ರಿಯದವರು ಹೇಳಿದರೆ, ಅದು ಬರಿಯ ಕವಿಸಮಯವೆಂದು ನಗುವವರಿದ್ದಾರೆ. ೨೦೦೮ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಷಿರಾಜ್ ಎಂಬ ಕೆಂಪು ಮದ್ಯದ ಮೆಣಸಿನ ವಾಸನೆಗೆ ಮೂಲವಾದ ದ್ರವ್ಯವನ್ನು ಗುರುತಿಸಿದರು. ಅದರ ಹೆಸರು ರೊಟಂಡೋನ್. ನಮ್ಮ ಮಲೆನಾಡಿನ, ಕೊಡಗಿನ ಬಳ್ಳಿಗಳ ಮೇಲೆ ಬೆಳೆಯುವ ಕರಿಮೆಣಸಿನ ವಾಸನೆಯಲ್ಲಿಯೂ ಅದೇ ದ್ರವ್ಯವಿದೆ. ಮೊದಲು ಸಿಕ್ಕಿದ್ದು ಕೊನ್ನಾರಿ ಗೆಡ್ಡೆಯಲ್ಲಿ. ಆ ಹುಲ್ಲಿನ ಶಾಸ್ತ್ರೀಯ ನಾಮದಿಂದಲೇ ಈ ಹೆಸರು. ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ಗ್ರ್ಯೂನರ್ ಫೆಲ್ಟ್‌ಲೀನರ್‌ನಲ್ಲಿಯೂ ಅದು ಇರುವುದು ತಿಳಿಯಿತು. ಪ್ರಮಾಣವೋ ಅತ್ಯಲ್ಪ: ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲನ್ನು ಲೆಕ್ಕದ ಘಟಕವಾಗಿಟ್ಟುಕೊಂಡು ಎಣಿಸಬೇಕು. ಇನ್ನೊಂದು ಸಂಗತಿ. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಈ ವಾಸನೆ ಎಷ್ಟು ಗಾಢವಾಗಿದ್ದರೂ ತಿಳಿಯಲೇ ಇಲ್ಲ. ಮೆಣಸಿಲ್ಲವೆಂದು ಗೆಜೆಟ್ಟಿನಂತೆ ಸಾರುವ ವಿಮರ್ಶಕರಲ್ಲಿ ಈ ಐದನೆಯವರು ಎಷ್ಟು ಮಂದಿಯೋ! ಅಂದಹಾಗೆ, ಜರ್ಮನರ ‘ಪ್ಫೆಫರ್’ ಎಂಬ ಶಬ್ದ ಗ್ರೀಕ್ ಲ್ಯಾಟಿನ್‌ಗಳ ಮೂಲಕ ನಮ್ಮ ಪಿಪ್ಪಲಿಯಿಂದ ಹೋದದ್ದು.

ಇಷ್ಟು ಗುಣವುಳ್ಳ ಮದ್ಯ ಪಂದ್ಯಕ್ಕೆ ಹೇಗೆ ಇಳಿಯಿತು? ಕಾರಣ ಒಂದು ಅವಮಾನ. ೧೯೮೫ರಲ್ಲಿ ಆಸ್ಟ್ರಿಯದ ಕೆಲವು ಮದ್ಯವ್ಯಾಪಾರಿಗಳು ತಮ್ಮ ಅಗ್ಗದ ಮದ್ಯಕ್ಕೆ ಸಿಹಿಯೂ ಮೈಯೂ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ್ಯವನ್ನು ಬೆರೆಸಿದ್ದು ಬೆಳಕಿಗೆ ಬಂತು. ಲೋಕವೆಲ್ಲ ಛೀ ಎಂದಿತು, ರಫ್ತು ಕುಸಿದುಬಿದ್ದಿತು. ಬೆರೆಸಿದವರು ಕೆಲವರು, ಶಿಕ್ಷೆ ಎಲ್ಲರಿಗೂ. ಸಿಹಿ ಮದ್ಯದ ಗೊಡವೆಗೇ ಹೋಗದ, ಡಾನ್ಯೂಬಿನ ದಂಡೆಯಲ್ಲಿ ಹುಳಿ ಮದ್ಯವನ್ನು ಮಾಡಿಕೊಂಡಿದ್ದ ಸಣ್ಣ ರೈತನೂ ‘ಆಸ್ಟ್ರಿಯದವನು’ ಎಂಬ ಒಂದೇ ಕಾರಣದಿಂದ ತಲೆತಗ್ಗಿಸಬೇಕಾಯಿತು. ಅದೇ ವರ್ಷ ಅಲ್ಲಿನ ಸರ್ಕಾರ ಬಲು ಬಿಗಿಯಾದ ಕಾನೂನನ್ನು ತಂದಿತು. ಆದರೆ ಕಾನೂನು ಪೀಪಾಯಿಯನ್ನು ಶುದ್ಧಮಾಡಬಲ್ಲದು, ಹೆಸರನ್ನಲ್ಲ. ಹೆಸರು ಮರಳಿ ಬರಲು ಹೊರಗಿನವರ ಒಪ್ಪಿಗೆ ಬೇಕಾಯಿತು.

ಆ ಒಪ್ಪಿಗೆ ದೊರೆತದ್ದು ೨೦೦೨ರಲ್ಲಿ, ಲಂಡನ್ನಿನಲ್ಲಿ. ಇಂಗ್ಲೆಂಡಿನ ಪ್ರಸಿದ್ಧ ಮದ್ಯವಿಮರ್ಶಕರಾದ ಜಾನ್ಸಿಸ್ ರಾಬಿನ್ಸನ್, ಟಿಮ್ ಆಟ್ಕಿನ್ ಮೊದಲಾದವರು ಸೇರಿದ ಒಂದು ಪರೀಕ್ಷೆಯಲ್ಲಿ, ಹೆಸರನ್ನು ಮುಚ್ಚಿ, ಫೆಲ್ಟ್‌ಲೀನರ್‌ಗಳನ್ನು ಬರ್ಗಂಡಿಯ ಮತ್ತು ಇತರ ದೇಶಗಳ ಷಾರ್ಡೊನೇ ಮದ್ಯಗಳೊಡನೆ ನಿಲ್ಲಿಸಲಾಯಿತು. ಫಲಿತಾಂಶ ಬಂದಾಗ ಮೊದಲ ಹತ್ತು ಸ್ಥಾನಗಳಲ್ಲಿ ಹೆಚ್ಚಿನವು ಆಸ್ಟ್ರಿಯದವು. ಅಂದಿನಿಂದ ಈ ಮದ್ಯವನ್ನು ಪರಿಚಯಿಸುವ ಬರಹಗಳಲ್ಲಿ ‘ಬರ್ಗಂಡಿಯನ್ನು ಸೋಲಿಸಿದ’ ಎಂಬ ಬಿರುದು ಮೊದಲ ಸಾಲಿನಲ್ಲೇ ಬರುತ್ತದೆ.

ಅಪಮಾನಿತರಾದವರಿಗೆ ಆ ದಿನ ಎಷ್ಟು ಸಂತೋಷವಾಗಿರಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದರಿಂದ ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಬಂದಿದ್ದರೆ ಅದೂ ಒಳ್ಳೆಯದೆ. ಆದರೆ ಪಂದ್ಯದ ಸ್ವರೂಪವನ್ನು ನೋಡಿ. ಊಟವಿಲ್ಲ. ಸಾಲಾಗಿ ಇಟ್ಟ ಬಟ್ಟಲುಗಳು. ಒಂದೊಂದನ್ನೂ ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿ, ಅಂಕ ಬರೆದು ಮುಂದಿನದಕ್ಕೆ ಹೋಗಬೇಕು. ಅಲ್ಲಿ ಗೆಲ್ಲುವ ಗುಣ ಯಾವುದು? ಒಂದೇ ಗುಟುಕಿನಲ್ಲಿ ಗಮನ ಸೆಳೆಯುವ ಗುಣ. ಅಂದರೆ ಮೈತುಂಬಿದ್ದು, ಮದ್ಯಸಾರ ಹೆಚ್ಚಿರುವುದು, ವರ್ಷಗಟ್ಟಲೆ ಮಾಗಿದ್ದು. ಲಂಡನ್ನಿಗೆ ಹೋದ ಫೆಲ್ಟ್‌ಲೀನರ್‌ಗಳು ಆ ಜಾತಿಯವೇ: ಆಯ್ದ ತೋಟಗಳ, ಚೆನ್ನಾಗಿ ಹಣ್ಣಾದ ಗೊಂಚಲುಗಳಿಂದ ಮಾಡಿ, ವರ್ಷಗಳ ಕಾಲ ಇಟ್ಟವು. ಅವು ಒಳ್ಳೆಯವೇ, ಈ ದ್ರಾಕ್ಷಿ ದೀರ್ಘಕಾಲ ಬಾಳಬಲ್ಲದೆಂಬುದಕ್ಕೆ ಅವೇ ಸಾಕ್ಷಿ. ಆದರೆ ಗೆದ್ದದ್ದು ಫೆಲ್ಟ್‌ಲೀನರ್‌ನ ಫೆಲ್ಟ್‌ಲೀನರ್‌ತನವೋ, ಅಥವಾ ಬರ್ಗಂಡಿಯಂತೆ ಕಾಣಬಲ್ಲ ಅದರ ಸಾಮರ್ಥ್ಯವೋ? ಹರಿಕಥೆಯವರನ್ನು ಕುಸ್ತಿಯ ಅಖಾಡಕ್ಕೆ ಇಳಿಸಿ, ಅವರಲ್ಲಿ ದಪ್ಪನೆಯವರು ಗೆದ್ದದ್ದನ್ನು ಕಂಡು ಹರಿಕಥೆಗೆ ಮಾನ ಬಂತೆಂದು ಹಿಗ್ಗಿದಂತಾಯಿತು.

ಹಿಗ್ಗಿನ ಪರಿಣಾಮವೂ ಉಂಟು. ವಾಖಾವ್ ಕಣಿವೆಯ ಬೆಳೆಗಾರರ ಸಂಘ ೧೯೮೩ರಲ್ಲಿ ಹುಟ್ಟಿತು. ಅವರು ತಮ್ಮ ಮದ್ಯಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿ ಸೊಗಸಾದ ಹೆಸರುಗಳನ್ನಿಟ್ಟರು. ಷ್ಟೈನ್‌ಫೆಡರ್, ಅಲ್ಲಿನ ಬೆಟ್ಟದ ಗರಿಹುಲ್ಲಿನ ಹೆಸರು. ಮದ್ಯಸಾರ ನೂರಕ್ಕೆ ಹನ್ನೊಂದೂವರೆಯನ್ನು ಮೀರಬಾರದು. ಫೆಡರ್‌ಷ್ಪೀಲ್, ಬೇಟೆಯ ಡೇಗೆಯನ್ನು ಹಿಂದಕ್ಕೆ ಕರೆಯುವ ಗರಿಯ ಕುಚ್ಚು; ಹನ್ನೆರಡೂವರೆಯವರೆಗೆ. ಅದಕ್ಕೂ ಮೇಲಿನದು ಸ್ಮಾರಾಗ್ಡ್, ಬಿಸಿಲಿನಲ್ಲಿ ತೋಟದ ಕಲ್ಲುಗೋಡೆಗಳ ಮೇಲೆ ಮಲಗುವ ಪಚ್ಚೆಬಣ್ಣದ ಹ���್ಲಿ. ಅದು ನಮ್ಮ ‘ಮರಕತ’ ಶಬ್ದದ ಬಂಧು. ಈ ಮೂರು ಹೆಸರುಗಳು ಮೂರು ಬಗೆಯ ಊಟಕ್ಕೆ ಸಲ್ಲುವ ಮೂರು ಬಗೆಯ ಮದ್ಯಗಳೆಂದು ಓದಿಕೊಳ್ಳಬಹುದಾಗಿತ್ತು. ಪಂದ್ಯಪ್ರಿಯರು ಅದನ್ನು ಏಣಿಯ ಮೂರು ಮೆಟ್ಟಿಲಾಗಿ ಓದಿದರು. ಭಾರವಾದದ್ದು ಮೇಲೆ, ಹಗುರವಾದದ್ದು ಕೆಳಗೆ, ಬೆಲೆಯೂ ಹಾಗೆಯೇ. ಆಸ್ಪರಾಗಸ್ಸಿಗೂ ಲಿಪ್ಟಾವರ್‌ಗೂ ಒಗ್ಗುವ ಹಗುರ ಮದ್ಯವನ್ನು ಕೇಳುವವನು ಅಗ್ಗದ ಗಿರಾಕಿಯೆನಿಸಿದ.

ವೈನ್‌ಫಿಯರ್ಟೆಲ್‌ನವರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳಾಗಿದ್ದರು. ೨೦೦೨ರ ಬೆಳೆಯಿಂದ ಅವರ ಸೀಮೆಗೆ ಆಸ್ಟ್ರಿಯದ ಮೊದಲನೆಯ ಪ್ರಾದೇಶಿಕ ಮುದ್ರೆ ದೊರೆಯಿತು. ಆ ಮುದ್ರೆ ಬೇಕಾದರೆ ಮದ್ಯ ಫೆಲ್ಟ್‌ಲೀನರ್ ಆಗಿರಬೇಕು, ಮೆಣಸಿನ ಚುರುಕಿರಬೇಕು, ಮರದ ವಾಸನೆ ತೋರಬಾರದು. ತನ್ನ ಗುಣವನ್ನು ತಾನೇ ಹೆಸರಿಸಿ ಕಾನೂನಾಗಿ ಬರೆದ ಈ ಕೆಲಸ ಲಂಡನ್ನಿನ ಪದಕಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ದುರ್ದೈವ, ಅವರಿಗೂ ಸಹವಾಸದ ಗಾಳಿ ಬಡಿಯಿತು. ೨೦೦೯ರ ಬೆಳೆಯಿಂದ ‘ರಿಸರ್ವ್’ ಎಂಬ ಮೇಲಿನ ದರ್ಜೆಯೊಂದು ಬಂತು. ಅಲ್ಲಿ ಮದ್ಯಸಾರ ಹದಿಮೂರಕ್ಕೆ ಕಡಮೆಯಿರಕೂಡದು, ಮರದ ಛಾಯೆಯೂ ಸ್ವಲ್ಪ ಸಲ್ಲುವುದು. ಮುಂಬಾಗಿಲಲ್ಲಿ ಹೊರಗಟ್ಟಿದ್ದನ್ನು ಹಿತ್ತಿಲ ಬಾಗಿಲಿನಿಂದ ಕರೆದು ಮೇಲಿನ ಪಂಕ್ತಿಯಲ್ಲಿ ಕೂರಿಸಿದಂತಾಯಿತು.

ಹೆಚ್ಚಿಗೆ ಭಾರ ಬಂದರೆ ನಷ್ಟವೇನೆಂದು ಕೇಳಬಹುದು. ಇಲ್ಲಿ ನಮಗೂ ಸಂಬಂಧಪಟ್ಟ ಒಂದು ಮಾತಿದೆ. ‘ಏಷ್ಯದ ಅಡುಗೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ’ ಎಂಬ ವಾಕ್ಯ ಈ ಮದ್ಯದ ಜಾಹೀರಾತಿನಲ್ಲಿ ಕಾಯಂ ಆಗಿ ಕೂತಿದೆ. ಏಷ್ಯದ ಅಡುಗೆ ಎಂದರೆ ಯಾವುದು? ಒಸಾಕಾದ ಹಸಿ ಮೀನೆ, ಸೈಗಾನಿನ ಸೊಪ್ಪಿನ ಸುರುಳಿಯೆ, ಮೈಸೂರಿನ ಸಾರೆ? ಒಂದು ಷ್ನಿಟ್ಸೆಲ್‌ಗೆ ಕರುವಿನ ಮಾಂಸವೇ ಆಗಬೇಕೆಂದು ನಿಯಮ ಮಾಡಿಟ್ಟುಕೊಂಡವರು ಅರ್ಧ ಭೂಮಂಡಲದ ಅಡುಗೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ! ಒಗ್ಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಯಾವುದಕ್ಕೆ, ಯಾವ ಬಾಟಲಿ ಎಂದು ಹೇಳದಿರುವುದೇ ಮೋಸ. ಒಣಮೆಣಸಿನಕಾಯಿಯ ಉರಿಯನ್ನು ನಾಲಗೆಗೆ ತಿಳಿಸುವ ನರದ ಬಾಗಿಲನ್ನೇ ಮದ್ಯಸಾರವೂ ಕೆರಳಿಸುತ್ತದೆಂದು ವಿಜ್ಞಾನಿಗಳು ತೋರಿಸಿದ್ದು ಆ ಲಂಡನ್ನಿನ ಪಂದ್ಯದ ವರ್ಷವೇ, ೨೦೦೨ರಲ್ಲಿ. ಅಂದರೆ ಮೆಣಸಿನಕಾಯಿಯ ಖಾರದೊಡನೆ ಹದಿನಾಲ್ಕರ ಸ್ಮಾರಾಗ್ಡ್ ಕುಡಿದವನಿಗೆ ಬೆಂಕಿಗೆ ತುಪ್ಪ ಸುರಿದಂತೆ; ಹನ್ನೊಂದರ ಷ್ಟೈನ್‌ಫೆಡರ್ ಕುಡಿದವನು ಬದುಕಿಕೊಂಡಾನು. ಪದಕ ಗೆಲ್ಲುವ ಬಾಟಲಿಯ ಕೀರ್ತಿಯನ್ನು ತೋರಿಸಿ, ಬೇರೊಂದು ಬಾಟಲಿಗೆ ಮಾತ್ರ ಸಲ್ಲುವ ಹೊಗಳಿಕೆಯನ್ನು ಅದಕ್ಕೇ ಅಂಟಿಸುತ್ತಿದ್ದಾರೆ.

ಹುಣಿಸೆಯ ವಿಚಾರ ಇನ್ನೂ ಬೇರೆ. ಎಲೆಯ ಮೇಲಿನ ಹುಳಿ ಬಟ್ಟಲಿನ ಹುಳಿಗಿಂತ ಹೆಚ್ಚಾದರೆ ಮದ್ಯ ಸಪ್ಪೆಯಾಗುವುದೆಂಬುದು ಈ ಶಾಸ್ತ್ರದಲ್ಲಿ ಎಲ್ಲರೂ ಒಪ್ಪಿದ ಮಾತು. ನಮ್ಮ ಗೊಜ್ಜಿನ ಮುಂದೆ ಡಾನ್ಯೂಬಿನ ಹುಳಿಯೂ ಸೋಲಲೇಬೇಕು. ಹೆಸರುಬೇಳೆಯ ಕೋಸಂಬರಿ, ಕರಿಮೆಣಸು ಹಾಕಿದ ಪಲ್ಯ, ಬಿಸಿ ಬಜ್ಜಿ, ಇವುಗಳೊಡನೆಯಾದರೆ ಹಗುರವಾದ ಫೆಲ್ಟ್‌ಲೀನರ್ ಮರ್ಯಾದೆಯಿಂದ ಕೂತೀತೆಂದು ನನಗೆ ತೋರುತ್ತದೆ. ಹಾಗೆಂದು ಜಾಹೀರಾತಿನಲ್ಲಿ ಬರೆಯುವ ಶ್ರಮವನ್ನು ಯಾರೂ ತೆಗೆದುಕೊಂಡಿಲ್ಲ. ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಹೋಗಿಬರುವ ವಾಚಕರಿಗೆ ಒಂದು ವಿನಂತಿ. ಮದ್ಯದ ಪಟ್ಟಿಯಲ್ಲಿ ಈ ಹೆಸರಿನ ಎದುರು ‘ಬರ್ಗಂಡಿಯನ್ನು ಸೋಲಿಸಿದ್ದು’ ಎಂದೂ ‘ಏಷ್ಯದ ಅಡುಗೆಗೆ ಸರಿಹೊಂದುವುದು’ ಎಂದೂ ಒಟ್ಟಿಗೆ ಬರೆದಿರುವುದನ್ನು ಕಂಡರೆ, ಬಡಿಸಲು ಬಂದವರನ್ನು ಎರಡೇ ಪ್ರಶ್ನೆ ಕೇಳಿ: ಇದರಲ್ಲಿ ಮದ್ಯಸಾರ ನೂರಕ್ಕೆ ಎಷ್ಟು? ನೀವು ಹೇಳುವ ಏಷ್ಯದಲ್ಲಿ ಮೆಣಸಿನಕಾಯಿ ಎಷ್ಟು?